ದುಡಿಯುವವರಿಗೂ ಧರ್ಮಶಿಕ್ಷಣ

ಬಾಲ್ಯದಲ್ಲಿ ಕುರ್‌ಆನನ್ನು ಅರಬ್ಬಿಯಲ್ಲಿ ಓದಲು ಕಲಿತು, ಅರ್ಥವನ್ನರಿಯುವ ಮುನ್ನವೇ ಸಂಸಾರಭಾರವನ್ನು ಹೊತ್ತ ಮುಸಲ್ಮಾನ ಬಂಧುಗಳು ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಂತಹ ಊರುಗಳಲ್ಲಿ ಇಲ್ಲದಿಲ್ಲ. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಸಬೀಲುರ್ ರಶಾದ್ ವಿದ್ಯಾಲಯವು ಧರ್ಮಪಂಡಿತರನ್ನು ಸಿದ್ಧಪಡಿಸುತ್ತಿರುವುದು ಸ್ತುತ್ಯವೇ ಸರಿ. ಆದರೆ ಹಗಲೆಲ್ಲ ಕಾರ್ಖಾನೆಯಲ್ಲಿಯೋ ಅಂಗಡಿಯಲ್ಲಿಯೋ ದುಡಿಯುವವನು ವರ್ಷಗಟ್ಟಲೆ ಅಂತಹ ವಿದ್ಯಾಲಯದಲ್ಲಿ ನಿಂತು ಓದಬಲ್ಲನೇ? ಇಂಥವರಿಗೆ ರಾತ್ರಿಯ ಅಥವಾ ಭಾನುವಾರದ ತರಗತಿಗಳು ಅತ್ಯಾವಶ್ಯಕ. ಸ್ತ್ರೀಯರಿಗೂ ಅನುಕೂಲವಾದ ವೇಳೆಯನ್ನು ಗೊತ್ತುಮಾಡಬೇಕು.

ಕನ್ನಡ ಶಾಲೆಯಲ್ಲಿ ಕಲಿತು ಉರ್ದು ಲಿಪಿಯನ್ನರಿಯದವರಿಗಾಗಿ ಪಾಠವು ಕನ್ನಡದಲ್ಲಿಯೂ ನಡೆಯಲೆಂಬುದು ನಮ್ಮ ಆಗ್ರಹ. ನಮ್ಮ ನುಡಿಗೆ ಆ ಶಕ್ತಿಯುಂಟೆಂಬುದನ್ನು 1978ರಲ್ಲಿ ಮಂಗಳೂರಿನಲ್ಲಿ ಆರಂಭವಾದ ‘ಸನ್ಮಾರ್ಗ’ ಪತ್ರಿಕೆಯು ತೋರಿಸಿಕೊಟ್ಟಿದೆ. ಅರ್ಥವನ್ನರಿತವನು ಪರರ ಮಾತನ್ನು ಕಣ್ಮುಚ್ಚಿ ನಂಬಬೇಕಾಗಿಲ್ಲ. ನೆರೆಮನೆಯವನು ಕೇಳಿದರೆ ತಿಳಿಗನ್ನಡದಲ್ಲಿ ಉತ್ತರಿಸಬಲ್ಲನು. ಮಸೀದಿಗಳ ಆಡಳಿತಗಾರರು ವಾರಕ್ಕೆ ಎರಡು ಗಂಟೆ ಇದಕ್ಕೆ ಮೀಸಲಿಡಲಾರರೇ?