ಕೊಲ್ಲುವ ತೀರ್ಮಾನ ಚಿಪ್‌ನ ಪಾಲಾಗದಿರಲಿ: ವಿದೇಶಾಂಗ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ಸಚಿವರೇ,

2023ರ ಡಿಸೆಂಬರ್‌ನಲ್ಲಿ ಸ್ವಾಯತ್ತ ಮಾರಕಾಸ್ತ್ರಗಳ ಕುರಿತ ಮೊದಲ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತಕ್ಕೆ ಬಂತು. 152 ದೇಶಗಳು ಪರ, ನಾಲ್ಕು ವಿರುದ್ಧ: ರಷ್ಯಾ, ಬೆಲಾರಸ್, ಮಾಲಿ ಮತ್ತು ಭಾರತ. ಆ ನಿರ್ಣಯವೇನೂ ಯಾವ ಆಯುಧವನ್ನೂ ನಿಷೇಧಿಸಿರಲಿಲ್ಲ. ಹಾರಿಬಿಟ್ಟ ಮೇಲೆ ತಾನೇ ಗುರಿ ಹುಡುಕಿ ತಾನೇ ಹೊಡೆಯುವ ಯಂತ್ರಗಳ ಬಗ್ಗೆ ದೇಶಗಳ ಅಭಿಪ್ರಾಯ ಕೇಳಿ ವರದಿ ಮಾಡಿ ಎಂದು ಪ್ರಧಾನ ಕಾರ್ಯದರ್ಶಿಗೆ ಹೇಳಿತ್ತು, ಅಷ್ಟೆ. ಅದಕ್ಕೂ ನಾವು ಒಲ್ಲೆ ಎಂದೆವು. ಮರುವರ್ಷ ವಿರೋಧ ಬಿಟ್ಟು ತಟಸ್ಥರಾದೆವು. ಈ ಅರ್ಧ ಹೆಜ್ಜೆಯನ್ನು ಪೂರ್ತಿ ಮಾಡಿ, ಕೊಲ್ಲುವ ತೀರ್ಮಾನ ಮನುಷ್ಯನ ಕೈಯಲ್ಲೇ ಉಳಿಯಬೇಕೆನ್ನುವ ಕಡ್ಡಾಯ ಒಪ್ಪಂದಕ್ಕೆ ಭಾರತವೇ ಮುಂದಾಗಲಿ ಎಂದು ಕೋರಲು ಈ ಪತ್ರ. ದಯೆ ದಾಕ್ಷಿಣ್ಯದ ಮಾತು ಬದಿಗಿರಲಿ, ನಮ್ಮ ಹಿತಕ್ಕೇ ಇದು ಬೇಕು.

ಯುದ್ಧ ಎತ್ತ ಸಾಗಿದೆ ಎಂಬುದನ್ನು ಯುಕ್ರೇನ್‌ನಲ್ಲಿ ನೋಡಬಹುದು. ಕೆಲವೇ ನೂರು ಡಾಲರಿನ ಪುಟ್ಟ ಡ್ರೋನ್ ಅಲ್ಲಿ ಕೋಟಿಗಟ್ಟಲೆ ರೂಪಾಯಿ ಬೆಲೆಯ ಟ್ಯಾಂಕನ್ನು ಕೆಡವುತ್ತಿದೆ. ಕಣ್ಣಿಗೆ ಪರದೆ ಕಟ್ಟಿಕೊಂಡ ಸೈನಿಕ ಹಲವು ಕಿಲೋಮೀಟರ್ ದೂರದಲ್ಲಿ ಕೂತು, ಡ್ರೋನಿನ ಕ್ಯಾಮೆರಾ ಕಂಡದ್ದನ್ನೇ ಕಾಣುತ್ತ ಅದನ್ನು ಓಡಿಸುತ್ತಾನೆ. ಎದುರಾಳಿಯ ಉತ್ತರ ಜಾಮರ್. ಗುರಿ ಇನ್ನೇನು ಸಿಕ್ಕಿತು ಎನ್ನುವಾಗ ರೇಡಿಯೊ ಸಂಪರ್ಕ ಕಡಿದು ಪರದೆಯ ತುಂಬ ಬರೀ ಚುಕ್ಕಿ. ಇದನ್ನು ದಾಟಲು ಕೆಲವರು ಡ್ರೋನಿನ ಹಿಂದೆ ಕಿಲೋಮೀಟರುಗಟ್ಟಲೆ ಆಪ್ಟಿಕಲ್ ಫೈಬರ್ ಎಳೆ ಬಿಚ್ಚುತ್ತ ಹೋಗುತ್ತಾರೆ. ಇನ್ನು ಕೆಲವರು ಕೊನೆಯ ಹಾದಿಯನ್ನು ಅದರೊಳಗಿನ ಚಿಪ್‌ಗೇ ಒಪ್ಪಿಸುತ್ತಾರೆ: ಗುರಿ ತೋರಿಸುವುದು ಸೈನಿಕ, ಆಮೇಲೆ ಸಂಪರ್ಕ ಹೋದರೂ ಆ ಆಕಾರವನ್ನು ಬೆನ್ನಟ್ಟುವುದು ಚಿಪ್. ಗುರಿ ತೋರಿಸುವ ಕೆಲಸವನ್ನೂ ಅದಕ್ಕೇ ಬಿಡಲು ಇನ್ನೊಂದೇ ಹೆಜ್ಜೆ. ಇದರ ಹಿಂದೆ ಯಾವ ಖಳನಾಯಕನೂ ಇಲ್ಲ. ಜಾಮರ್ ಒಂದು ಕಡೆಯಿಂದ ನೂಕಿದರೆ, ಡ್ರೋನಿಗೊಬ್ಬ ಚಾಲಕ ಬೇಕೆಂಬ ಮಿತಿ ಇನ್ನೊಂದು ಕಡೆಯಿಂದ ನೂಕುತ್ತಿದೆ. ತಾನಾಗಿ ನಿಲ್ಲುವ ಓಟವಲ್ಲ ಇದು; ನಮ್ಮ ಗಡಿಗೂ ದೂರದ ಮಾತಲ್ಲ. 2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆ 300ರಿಂದ 400 ಡ್ರೋನ್ ನುಗ್ಗಿಸಿತೆಂದು ನಮ್ಮ ಸೇನೆಯೇ ಹೇಳಿತು. ಅಂಥ ಹಿಂಡಿಗೆ ಸ್ವಂತ ತೀರ್ಮಾನವೂ ಸೇರಿದ ದಿನ ಮೊದಲು ಬೆಲೆ ತೆರುವವರು ಗಡಿಯೂರುಗಳ ಜನ.

ಇದನ್ನೆಲ್ಲ ಚರ್ಚಿಸಲು ಜಿನೀವಾದಲ್ಲಿ ಸಾಂಪ್ರದಾಯಿಕ ಶಸ್ತ್ರಾಸ್ತ್ರಗಳ ಒಪ್ಪಂದದ ವೇದಿಕೆ ಇದೆಯಲ್ಲ ಎಂಬುದು ನಿಮ್ಮ ಸಚಿವಾಲಯದ ಹಳೆಯ ವಾದ. ವೇದಿಕೆ ಒಳ್ಳೆಯದೇ. ಅಲ್ಲಿನ ತಜ್ಞರ ತಂಡವನ್ನು 2017 ಮತ್ತು 2018ರಲ್ಲಿ ಮುನ್ನಡೆಸಿದವರು ನಮ್ಮವರೇ ಆದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್; ಹೊಣೆಯನ್ನು ಯಂತ್ರಕ್ಕೆ ವರ್ಗಾಯಿಸುವಂತಿಲ್ಲ ಎಂಬ ಮಾರ್ಗಸೂತ್ರ ರೂಪುಗೊಂಡದ್ದು ಅವರ ಅಧ್ಯಕ್ಷತೆಯಲ್ಲಿ. ಆದರೆ ಅಲ್ಲಿ ಎಲ್ಲವೂ ಸರ್ವಾನುಮತದಿಂದಲೇ ಆಗಬೇಕು. ಒಂದು ದೇಶ ತಲೆಯಾಡಿಸದಿದ್ದರೂ ಕಡತ ಮುಂದೆ ಹೋಗದು. ಸರ್ವಾನುಮತದ ವೇದಿಕೆಯೇ ಬೇಕೆಂದು ಹಟ ಹಿಡಿದವರು ಅಲ್ಲಿ ಸಮ್ಮತಿ ಕೊಡಲು ಮೊದಲಿಗರಾಗಬೇಡವೆ?

ಚೀನಾ, ಪಾಕಿಸ್ತಾನ ಕಟ್ಟುಬೀಳದೆ ನಾವು ಮಾತ್ರ ಕೈ ಕಟ್ಟಿಕೊಳ್ಳುವುದೆಂತು ಎಂಬ ಆಕ್ಷೇಪ ವೇದಿಕೆಯ ವಾದಕ್ಕಿಂತ ಗಟ್ಟಿಯಾದದ್ದು. ಆದರೆ ಇಂಥ ಅಸ್ತ್ರಗಳ ನಿಷೇಧವನ್ನು 2013ರಲ್ಲೇ ಕೇಳಿದ್ದು ಪಾಕಿಸ್ತಾನ. ಅದರ ಮಾತು ಪ್ರಾಮಾಣಿಕವೋ ಅಲ್ಲವೋ ಎಂಬುದು ಸಹಿಯ ಪ್ರಶ್ನೆ ಎದುರಾದಾಗಲೇ ಗೊತ್ತಾಗುವುದು. ಚೀನಾದ ಮಟ್ಟಿಗೆ ಒಂದು ಮೇಲ್ಪಂಕ್ತಿಯೂ ಇದೆ. 1995ರಲ್ಲಿ ಅದರ ನೊರಿಂಕೊ ಕಂಪನಿ ಕಣ್ಣು ಕುರುಡಾಗಿಸಬಲ್ಲ ಲೇಸರ್ ಅಸ್ತ್ರವನ್ನು ಮಾರಾಟಕ್ಕೆ ಇಟ್ಟಿತ್ತು. ಅದೇ ವರ್ಷ, ಇದೇ ಜಿನೀವಾ ಒಪ್ಪಂದದ ನಾಲ್ಕನೆಯ ಪ್ರೋಟೋಕಾಲ್ ಅಂಥ ಲೇಸರ್‌ಗಳನ್ನು, ಅವು ರಣರಂಗದಲ್ಲಿ ವ್ಯಾಪಕವಾಗಿ ಬಳಕೆಗೆ ಬರುವ ಮುನ್ನವೇ ನಿಷೇಧಿಸಿತು. ಮುಂದೆ ಚೀನಾ ಸೇರಿತು, ಭಾರತವೂ ಸೇರಿತು. ದೂರ ಅಳೆಯುವ ಲೇಸರ್ ಸೇನೆಗಳಲ್ಲಿ ಉಳಿಯಿತು. ತಂತ್ರಜ್ಞಾನವನ್ನು ಮುಟ್ಟದೆ ಅದರ ಒಂದು ಬಳಕೆಯನ್ನಷ್ಟೇ ಕತ್ತರಿಸಲು ಬರುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಯಂತ್ರಕ್ಕೆ ಸಿಟ್ಟಿಲ್ಲ, ದಣಿವಿಲ್ಲ, ಹಾಗಾಗಿ ಅದು ಸೈನಿಕನಿಗಿಂತ ಕಡಿಮೆ ತಪ್ಪು ಮಾಡೀತು ಎನ್ನುವವರಿದ್ದಾರೆ. ಬಯಲಿನಲ್ಲಿ ಒಂಟಿಯಾಗಿ ನಿಂತ ಟ್ಯಾಂಕಿನ ವಿಷಯದಲ್ಲಿ ಅದು ನಿಜವೂ ಇರಬಹುದು. ಬಂದೂಕು ಕೆಳಗಿಟ್ಟು ಶರಣಾಗುತ್ತಿರುವವನನ್ನು, ಗಾಯಾಳುವನ್ನು ಹೊತ್ತು ಓಡುವವನನ್ನು ಆಕಾರ ನೋಡಿ ಗುರುತಿಸಲಾಗದು. ಅಲ್ಲಿನ ಸಂದರ್ಭ ಅರ್ಥವಾಗಬೇಕು. ತಪ್ಪು ಮಾಡಿದ ಸೈನಿಕನನ್ನು ಸೇನಾ ನ್ಯಾಯಾಲಯಕ್ಕೆ ಎಳೆಯಬಹುದು. ಚಿಪ್‌ನ ತಪ್ಪಿಗೆ ಕಟಕಟೆಯಲ್ಲಿ ನಿಲ್ಲುವವರು ಯಾರು? ದಂಡನಾಯಕನೋ, ಪ್ರೋಗ್ರಾಂ ಬರೆದ ಎಂಜಿನಿಯರೋ?

ಎಲ್ಲವನ್ನೂ ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ನುಗ್ಗಿಬರುವ ಕ್ಷಿಪಣಿಯನ್ನು ತಾನಾಗಿ ಹೊಡೆದುರುಳಿಸುವ ರಕ್ಷಣಾ ವ್ಯವಸ್ಥೆ ಇರಲಿ. ಮನುಷ್ಯರನ್ನೇ ಗುರಿಯಾಗಿಸುವ ಸ್ವಾಯತ್ತ ಅಸ್ತ್ರ ಬೇಡ. ಉಳಿದವು ಎಷ್ಟು ಹೊತ್ತು, ಎಷ್ಟು ಪ್ರದೇಶದಲ್ಲಿ, ಯಾವ ಬಗೆಯ ಗುರಿಯ ಮೇಲೆ ಎಂಬ ಮಿತಿಯೊಳಗಿರಲಿ. ಈ ಮಿತಿಗಳನ್ನು ತಾಂತ್ರಿಕ ಭಾಷೆಯಲ್ಲಿ ಬರೆಯಬಲ್ಲವರು ಬೆಂಗಳೂರಿನಲ್ಲೇ, ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬೊಟಿಕ್ಸ್ ಕೇಂದ್ರದಲ್ಲಿದ್ದಾರೆ. ಅವರಿಂದ ಕರಡು ಬರೆಸಿ, ಸಂಸತ್ತಿನ ಮುಂದಿಟ್ಟು, ಜಿನೀವಾ ಒಪ್ಪಂದದ 2026ರ ಪರಿಶೀಲನಾ ಸಮ್ಮೇಳನಕ್ಕೆ ಭಾರತದ್ದೇ ಪ್ರಸ್ತಾವವಾಗಿ ಒಯ್ಯಿರಿ.

ಇಂತಿ,
ಒಬ್ಬ ನಾಗರಿಕ