ಹಳೆಯ ಪ್ರಶ್ನೆ, ಹೊಸ ಉತ್ತರ

ಪರೀಕ್ಷೆ ಹತ್ತಿರ ಬಂತೆಂದರೆ ಹಳೆಯ ಪ್ರಶ್ನೆಪತ್ರಿಕೆಗಳಿಗೆ ಎಲ್ಲಿಲ್ಲದ ಬೆಲೆ ಬರುತ್ತದೆ. ವರ್ಷವಿಡೀ ಕಪಾಟಿನ ಮೂಲೆಯಲ್ಲಿ ಬಿದ್ದಿದ್ದ ಕಾಗದಗಳು ಜೆರಾಕ್ಸ್ ಅಂಗಡಿಗೆ ಹೋಗಿ ಹತ್ತಾರು ಪ್ರತಿಗಳಾಗುತ್ತವೆ. ಎಸ್ಸೆಸ್ಸೆಲ್ಸಿ ಇರಲಿ, ಎಂಜಿನಿಯರಿಂಗ್ ಇರಲಿ, ಕಾನೂನು ಪದವಿ ಇರಲಿ, ವಿದ್ಯಾರ್ಥಿಗಳು ಅವುಗಳಲ್ಲಿ ಹುಡುಕುವುದು ಬಹುಮಟ್ಟಿಗೆ ಒಂದನ್ನೇ: ಈ ಸಲ ಯಾವುದು ಬರಬಹುದು? ಹಳೆಯ ಪ್ರಶ್ನೆಪತ್ರಿಕೆಯಿಂದ ಆಗುವ ಉಪಕಾರ ದೊಡ್ಡದು. ಆದರೆ ಭವಿಷ್ಯ ಹೇಳುವುದು ಮಾತ್ರ ಅದರ ಕೆಲಸವಲ್ಲ. ಪಂಚಾಂಗದಂತೆ ಬಳಸಿದವರಿಗೆ ಅದು ಮೋಸ ಮಾಡುತ್ತದೆ. ತಕ್ಕಡಿಯಂತೆ ಬಳಸಿದವರಿಗೆ ನಿಜ ಹೇಳುತ್ತದೆ.

ಅಂಬಿಕಾನಗರದ ಕೆಪಿಸಿ ಕಾಲೊನಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಸೂಪಾ ಜಲಾಶಯದಿಂದ ಬರುವ ಕಾಳಿಯ ನೀರು ಬೊಮ್ಮನಹಳ್ಳಿಯಲ್ಲಿ ನಿಂತು, ಅಲ್ಲಿಂದ ನಾಗಝರಿಯ ವಿದ್ಯುದಾಗಾರದ ಆರು ಘಟಕಗಳನ್ನು ತಿರುಗಿಸುತ್ತದೆ. ಆ ಮನೆಯ ಯಜಮಾನರಿಗೆ ಅಲ್ಲಿ ಪಾಳಿಯ ಕೆಲಸ. ಮಗಳು ದಾಂಡೇಲಿಯಲ್ಲಿ ಬಿ.ಎ. ಮುಗಿಸಿ, ಹುಬ್ಬಳ್ಳಿಯಲ್ಲಿ ಮೂರು ವರ್ಷದ ಎಲ್ಎಲ್‌ಬಿ ಓದುತ್ತಿದ್ದಾಳೆ. ಕಳೆದ ಸಲ ಅಪರಾಧ ಕಾನೂನಿನ ವಿಷಯದಲ್ಲಿ ನಪಾಸಾಗಿದ್ದಾಳೆ. ಅದು ಉಳಿದರೆ ಪದವಿ ಉಳಿಯುತ್ತದೆ. ಪದವಿ ಇಲ್ಲದೆ ವಕೀಲರ ಪರಿಷತ್ತಿನಲ್ಲಿ ನೋಂದಣಿ ಇಲ್ಲ. ಅಪ್ಪನ ನಿವೃತ್ತಿಗೆ ಹೆಚ್ಚು ವರ್ಷಗಳಿಲ್ಲ. ಓದುವ ರಜೆಗೆ ಬಂದ ಹುಡುಗಿ ಬೆಳಗಿನಿಂದ ರಾತ್ರಿಯವರೆಗೆ ಗೈಡು ಹಿಡಿದು ಕೂತಿದ್ದಾಳೆ.

ಪಾಳಿ ಮುಗಿಸಿ ಬಂದ ಅಪ್ಪ ಕೇಳುತ್ತಾರೆ: "ಓದಿ ಆತೇನವ್ವಾ?"

"ಮೂರು ಸಲ ಆತು, ಅಪ್ಪಾ."

"ಹಂಗಾದ್ರ ಪುಸ್ತಕ ಮುಚ್ಚಿ ಬರದು ತೋರಸು."

ಹುಡುಗಿ ಬರೆಯಲು ಕೂರುತ್ತಾಳೆ. ಅರ್ಧ ಪುಟಕ್ಕೆ ಪೆನ್ನು ನಿಲ್ಲುತ್ತದೆ. ಓದಿದಾಗ ಎಲ್ಲವೂ ಗೊತ್ತಿದ್ದಂತೆ ಕಂಡದ್ದು ಈಗ ಎಲ್ಲಿಗೆ ಹೋಯಿತು?

ಈ ಅನುಭವ ಅವಳೊಬ್ಬಳದಲ್ಲ. ಇದಕ್ಕೆ ಕಾರಣವನ್ನು ಮನೋವಿಜ್ಞಾನಿಗಳು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ ಎಂಬವರು ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಚಿಕ್ಕ ಗದ್ಯಭಾಗಗಳನ್ನು ಓದಲು ಕೊಟ್ಟರು. ಒಂದು ಭಾಗವನ್ನು ಮತ್ತೊಮ್ಮೆ ಓದಬೇಕು. ಇನ್ನೊಂದನ್ನು ಮತ್ತೆ ಓದದೆ, ನೆನಪಿದ್ದಷ್ಟನ್ನು ಬರೆಯಬೇಕು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದ್ದರಲ್ಲಿ ಶೇಕಡ 81, ನೆನಪಿನಿಂದ ಬರೆದದ್ದರಲ್ಲಿ ಶೇಕಡ 75 ನೆನಪಿತ್ತು. ಆದರೆ ಒಂದು ವಾರದ ನಂತರ ಲೆಕ್ಕ ತಿರುಗುಮುರುಗಾಯಿತು. ಮತ್ತೆ ಓದಿದ್ದು ಶೇಕಡ 42ಕ್ಕೆ ಇಳಿದಿತ್ತು. ಬರೆದು ನೋಡಿದ್ದು ಶೇಕಡ 56 ಉಳಿದಿತ್ತು.

ಮತ್ತೆ ಮತ್ತೆ ಓದಿದಾಗ ಪುಟ ಪರಿಚಯವಾಗುತ್ತದೆ. ಆ ಪರಿಚಯವನ್ನೇ ವಿದ್ಯಾರ್ಥಿ ತಿಳಿವಳಿಕೆ ಎಂದು ಭಾವಿಸುತ್ತಾನೆ. ಪರೀಕ್ಷಾ ಕೊಠಡಿಯಲ್ಲಿ ಪುಟ ಎದುರಿಗಿರುವುದಿಲ್ಲ, ಬರಿಯ ಪ್ರಶ್ನೆ ಇರುತ್ತದೆ. ಪ್ರಶ್ನೆಯಿಂದ ಉತ್ತರದ ಕಡೆಗೆ ಹೋಗುವ ದಾರಿಯನ್ನು ಮನೆಯಲ್ಲಿಯೇ ನಡೆದು ನೋಡಿರಬೇಕು. ಹಳೆಯ ಪ್ರಶ್ನೆಪತ್ರಿಕೆಯ ಮೊದಲನೆಯ ಉಪಯೋಗ ಇದೇ. ನಾಗಝರಿಯಲ್ಲಿ ದುರಸ್ತಿಯಾದ ಯಂತ್ರವನ್ನು ನೋಡಿ ಯಾರೂ ಸರಿಯಾಗಿದೆ ಎಂದು ಹೇಳುವುದಿಲ್ಲ. ಅದನ್ನು ತಿರುಗಿಸಿ, ಹೊರೆ ಹಾಕಿ ನೋಡುತ್ತಾರೆ. ಪುಸ್ತಕ ಮುಚ್ಚಿ ಬರೆಯುವುದೆಂದರೆ ಓದಿನ ಮೇಲೆ ಹೊರೆ ಹಾಕಿ ನೋಡುವುದು.

ಎರಡನೆಯ ಉಪಯೋಗ ಪ್ರಶ್ನೆಪತ್ರಿಕೆಯ ಆಕಾರವನ್ನು ತಿಳಿಯುವುದು. ಹುಬ್ಬಳ್ಳಿಯ ನವನಗರದಲ್ಲಿ 2009ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಇದು ಗೊತ್ತಾಗುತ್ತದೆ. ಐದು ಘಟಕಗಳು. ಪ್ರತಿ ಘಟಕದಿಂದ ಒಂದು ಪ್ರಬಂಧ ರೂಪದ ಪ್ರಶ್ನೆ, ಜೊತೆಗೆ ಒಂದು ಲಘು ಟಿಪ್ಪಣಿ ಅಥವಾ ಒಂದು ಸಮಸ್ಯೆ. ಕಾಲ ಮೂರು ಗಂಟೆ. ಎಂದರೆ ಘಟಕವೊಂದಕ್ಕೆ 36 ನಿಮಿಷ. ಬರೆಯುವ ಭಾಷೆ ಕನ್ನಡವೂ ಆಗಬಹುದು, ಇಂಗ್ಲಿಷೂ ಆಗಬಹುದು, ಆದರೆ ಪೂರ್ತಿ ಒಂದೇ ಆಗಿರಬೇಕು. ಮೊದಲ ಪ್ರಶ್ನೆಗೆ ಒಂದು ಗಂಟೆ ಸುರಿದು, ಕೊನೆಯ ಘಟಕಕ್ಕೆ ಹತ್ತು ನಿಮಿಷ ಉಳಿಸಿಕೊಂಡ ಜಾಣ ವಿದ್ಯಾರ್ಥಿಗಳು ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ವಿಷಯ ಗೊತ್ತಿರಲಿಲ್ಲವೆಂದಲ್ಲ, 36 ನಿಮಿಷ ಎಷ್ಟು ಉದ್ದ ಎಂಬುದು ಗೊತ್ತಿರಲಿಲ್ಲ.

ಇನ್ನು ಮೂರನೆಯದು. ಇದನ್ನು ಗಮನಿಸುವವರು ಕಡಿಮೆ. ಪ್ರಶ್ನೆ ಹಳೆಯದಾಗಿಯೇ ಉಳಿಯಬಹುದು, ಉತ್ತರ ಹಾಗೆಯೇ ಉಳಿಯುವುದಿಲ್ಲ.

ಸಂವಿಧಾನದ ಮೂಲ ಸ್ವರೂಪದ ಸಿದ್ಧಾಂತವನ್ನು ವಿವರಿಸಿ ಎಂಬುದು ಕಾನೂನು ವಿದ್ಯಾರ್ಥಿಗಳ ಹಳೆಯ ನೆಂಟ. ಈ ಪ್ರಶ್ನೆಯ ಮೂಲ ಕನ್ನಡಿಗರಿಗೆ ಹತ್ತಿರದ್ದೇ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾನೂನುಗಳನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 7 ಮಂದಿ ಹೇಳಿದರು. 6 ಮಂದಿ ಒಪ್ಪಲಿಲ್ಲ.

1974ರ ವಿದ್ಯಾರ್ಥಿಗೆ ಇಷ್ಟು ಬರೆದರೆ ಸಾಕಿತ್ತು. 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣದ ತೀರ್ಪು ಬಂತು. ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಮಿತಿಯೇ ಇಲ್ಲ ಎಂದು 42ನೆಯ ತಿದ್ದುಪಡಿ ಸೇರಿಸಿದ್ದ ಭಾಗ ಬಿದ್ದುಹೋಯಿತು. 1989ರಲ್ಲಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ ವಜಾ ಆಯಿತು. ಆ ಪ್ರಕರಣದಲ್ಲಿ 1994ರ ಮಾರ್ಚ್ 11ರಂದು 9 ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತು, ಸರ್ಕಾರದ ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ ಎಂದಿತು. ಜಾತ್ಯತೀತತೆ ಮೂಲ ಸ್ವರೂಪದ ಭಾಗ ಎಂದೂ ಹೇಳಿತು. 2015ರಲ್ಲಿ ನ್ಯಾಯಮೂರ್ತಿಗಳ ನೇಮಕಾತಿ ಆಯೋಗವನ್ನು ರಚಿಸಿದ್ದ 99ನೆಯ ತಿದ್ದುಪಡಿಯೂ ಇದೇ ಸಿದ್ಧಾಂತದ ಎದುರು ನಿಲ್ಲಲಿಲ್ಲ. ಪ್ರಶ್ನೆ ಒಂದೇ ಸಾಲಿನದು. ಉತ್ತರ ಮಾತ್ರ ಮರದ ಕಾಂಡದಂತೆ ಸುತ್ತು ಸುತ್ತಾಗಿ ಬೆಳೆದಿದೆ. ಹಳೆಯ ಗೈಡಿನ ಉತ್ತರ ಕಂಠಪಾಠ ಮಾಡಿದವನು ಆ ಗೈಡು ಅಚ್ಚಾದ ವರ್ಷಕ್ಕೆ ನಿಂತುಬಿಡುತ್ತಾನೆ.

ಸಂವಿಧಾನದಲ್ಲಿ ಉತ್ತರ ಬೆಳೆಯಿತು. ಅಪರಾಧ ಕಾನೂನಿನಲ್ಲಿ ಹೆಸರು, ಸಂಖ್ಯೆಗಳೇ ಬದಲಾದವು. 2024ರ ಜುಲೈ 1ರಂದು 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದವು. ದಂಡ ಸಂಹಿತೆಯಲ್ಲಿ 511 ಕಲಮುಗಳಿದ್ದವು, ಹೊಸದರಲ್ಲಿ 358. ಕೊಲೆಗೆ ಶಿಕ್ಷೆ ವಿಧಿಸುತ್ತಿದ್ದ 302 ಈಗ 103. ಮಾತಿನಲ್ಲೇ ಸೇರಿಹೋಗಿದ್ದ 420 ಈಗ 318. ವರದಕ್ಷಿಣೆ ಸಾವಿನ 304-ಬಿ ಈಗ 80. ಹೊಸ ಸಂಹಿತೆಯಲ್ಲೂ 302 ಎಂಬ ಕಲಮು ಇದೆ. ಆದರೆ ಅದು ಬೇಕೆಂದೇ ಧಾರ್ಮಿಕ ಭಾವನೆ ನೋಯಿಸುವ ಮಾತಾಡಿದವನಿಗೆ ಸಂಬಂಧಪಟ್ಟದ್ದು! ಹೊಸ ಸಂಹಿತೆಯ ಹೆಸರು ಬರೆದು ಹಳೆಯ ಸಂಖ್ಯೆ ಹಾಕಿದರೆ ಕೊಲೆಗಾರನಿಗೆ ಬಾಯಿಮಾತಿನ ತಪ್ಪಿನ ಶಿಕ್ಷೆ ಆದೀತು.

ಅಂಬಿಕಾನಗರದ ಹುಡುಗಿ ಎಡವಿದ್ದು ಇಲ್ಲಿಯೇ ಎಂದು ಇಟ್ಟುಕೊಳ್ಳಿ. ಹಿರಿಯ ವಿದ್ಯಾರ್ಥಿಯಿಂದ ಬಂದ ಗೈಡು, ಅದರ ಪ್ರಶ್ನೆಗಳೆಲ್ಲ ಸರಿ, ಉತ್ತರಗಳೆಲ್ಲ 2024ಕ್ಕಿಂತ ಹಿಂದಿನವು. ಹಾಗೆಂದು ಹಳೆಯ ಸಂಹಿತೆಯನ್ನು ಮರೆಯುವಂತೆಯೂ ಇಲ್ಲ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ಆದ್ದರಿಂದ ಸಮಸ್ಯೆಯ ಪ್ರಶ್ನೆಯಲ್ಲಿ ಘಟನೆಯ ದಿನಾಂಕವನ್ನು ಮೊದಲು ನೋಡಬೇಕು.

ಸಂಖ್ಯೆ ಬದಲಾದರೂ ಯೋಚನೆಯ ಕ್ರಮ ಬದಲಾಗಿಲ್ಲ. ಅಪರಾಧಿಕ ನರಹತ್ಯೆಗೂ ಕೊಲೆಗೂ ಇರುವ ವ್ಯತ್ಯಾಸವನ್ನು ತಿಳಿಸಿ ಎಂಬ ಪ್ರಶ್ನೆ ಹಿಂದೆ 299 ಮತ್ತು 300ನೆಯ ಕಲಮುಗಳ ಮೇಲೆ ನಿಂತಿತ್ತು, ಈಗ 100 ಮತ್ತು 101ರ ಮೇಲೆ ನಿಂತಿದೆ. ಹಠಾತ್ತಾದ ತೀವ್ರ ಪ್ರಚೋದನೆಯಿಂದ ಮನಸ್ಸಿನ ಹತೋಟಿ ತಪ್ಪಿ ಕೊಂದರೆ ಅದು ಕೊಲೆಯಲ್ಲ ಎಂಬ ವಿನಾಯಿತಿ ಎರಡರಲ್ಲೂ ಇದೆ. ನೌಕಾಪಡೆಯ ಅಧಿಕಾರಿ ನಾನಾವತಿಯ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. 1959ರಲ್ಲಿ ಮುಂಬಯಿಯಲ್ಲಿ ಹೆಂಡತಿಯ ಪ್ರಣಯದ ವಿಷಯ ತಿಳಿದ ಮೇಲೆ ಆತ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ಪಡೆದು, ನಂತರ ಆ ವ್ಯಕ್ತಿಯ ಮನೆಗೆ ಹೋಗಿ ಗುಂಡು ಹಾರಿಸಿದ. ಮಧ್ಯೆ ಕಳೆದದ್ದು ಸುಮಾರು ಮೂರು ಗಂಟೆ. ಅಷ್ಟು ಹೊತ್ತಿನಲ್ಲಿ ಮನಸ್ಸು ಹತೋಟಿಗೆ ಬರಲು ಸಮಯವಿತ್ತು, ಆದ್ದರಿಂದ ಇದು ಕೊಲೆಯೇ ಎಂದು 1961ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಮಸ್ಯೆಯ ಪ್ರಶ್ನೆಗೆ ಉತ್ತರಿಸುವ ಕ್ರಮವೂ ಇದರಲ್ಲೇ ಇದೆ. ನಡೆದದ್ದೇನು, ತೀರ್ಮಾನವಾಗಬೇಕಾದ ವಿಷಯವೇನು, ಕಾನೂನು ಏನು ಹೇಳುತ್ತದೆ, ಅದು ಈ ಘಟನೆಗೆ ಹೇಗೆ ಹೊಂದುತ್ತದೆ, ಕೊನೆಗೆ ತೀರ್ಮಾನವೇನು. ಈ ಐದು ಮೆಟ್ಟಿಲು ಕೈಗೆ ಹತ್ತಿದವರಿಗೆ ಪ್ರಶ್ನೆಯನ್ನು ತಿರುಗಿಸಿ ಕೇಳಿದರೂ ಭಯವಿಲ್ಲ.

ಪದವಿಯ ನಂತರ ಬರುವ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಪ್ರಬಂಧವೇ ಇಲ್ಲವಲ್ಲ ಎಂದು ಕೆಲವರು ಕೇಳಬಹುದು. ಹೌದು, 2011ರಲ್ಲಿ ಮೊದಲ ಸಲ ನಡೆದ ಈ ಪರೀಕ್ಷೆಯಲ್ಲಿ ಇರುವುದು ನಾಲ್ಕು ಆಯ್ಕೆಗಳ 100 ಪ್ರಶ್ನೆಗಳು. ಟಿಪ್ಪಣಿ ಇಲ್ಲದ ಬೇರ್ ಆ್ಯಕ್ಟ್ ಪುಸ್ತಕಗಳನ್ನು ಒಳಗೆ ಒಯ್ಯಬಹುದು. ಸಾಮಾನ್ಯ ವರ್ಗದವರಿಗೆ ಶೇಕಡ 45 ಅಂಕ ಬಂದರೆ ತೇರ್ಗಡೆ. ಪುಸ್ತಕ ಕೈಯಲ್ಲೇ ಇದೆ ಎಂಬ ಧೈರ್ಯದಿಂದ ಹೋದವರಿಗೆ ಅಲ್ಲಿ ಅರಿವಾಗುವುದು ಬೇರೆ. ಪ್ರಶ್ನೆಯೊಂದಕ್ಕೆ ಸಿಗುವುದು ಸುಮಾರು ಎರಡು ನಿಮಿಷ. ಯಾವ ಕಾಯ್ದೆ, ಅದರ ಯಾವ ಭಾಗ ಎಂಬುದು ತಲೆಯಲ್ಲಿ ಇಲ್ಲದಿದ್ದರೆ ಪುಟ ತಿರುವುವುದರಲ್ಲೇ ಹೊತ್ತು ಹೋಗುತ್ತದೆ. ಹಿಂದೆ ಪುಸ್ತಕ ಮುಚ್ಚಿ ಪ್ರಬಂಧ ಬರೆದವರಿಗೆ ಇಲ್ಲಿ ಪುಸ್ತಕ ತೆರೆಯುವುದೂ ಸುಲಭ. ಮುಂದೆ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಪ್ರಯತ್ನಿಸುವವರು ಮುಖ್ಯ ಪರೀಕ್ಷೆಯಲ್ಲಿ ಅನುವಾದ ಮಾಡಬೇಕು, ತೀರ್ಪನ್ನೇ ಬರೆಯಬೇಕು. ಬರೆಯುವ ಕೈ ಅಲ್ಲಿಯೂ ಬೇಕು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ವಕೀಲರ ಪರೀಕ್ಷೆಯಲ್ಲೇ ಪ್ರಬಂಧಗಳಿವೆ, ಒಂದೊಂದು ಗಂಟೆಯ ಐದು. ಅಲ್ಲಿಯ ರಾಜ್ಯ ವಕೀಲರ ಸಂಸ್ಥೆ ಹಿಂದಿನ ಪ್ರಶ್ನೆಗಳನ್ನೂ, ತೇರ್ಗಡೆಯಾದವರ ಆಯ್ದ ಉತ್ತರಗಳನ್ನೂ ತಾನೇ ಪ್ರಕಟಿಸುತ್ತದೆ. ಒಂದೊಂದು ಪ್ರಶ್ನೆಗೆ ಎರಡೆರಡು ಉತ್ತರ ಕೊಡುತ್ತದೆ. ಎರಡನ್ನೂ ಓದಿದವರಿಗೆ ಕಾಣುವುದೇನೆಂದರೆ, ಒಳ್ಳೆಯ ಉತ್ತರಕ್ಕೆ ಒಂದೇ ಅಚ್ಚು ಇಲ್ಲ. ನಮ್ಮಲ್ಲಿ 'ಮಾದರಿ ಉತ್ತರ' ಎಂಬುದನ್ನು ಅಕ್ಷರಕ್ಕೆ ಅಕ್ಷರ ಬಾಯಿಪಾಠ ಮಾಡುವವರು ಇದನ್ನು ಯೋಚಿಸಬೇಕು.

ಹಾಗಾದರೆ ಮಾಡಬೇಕಾದದ್ದೇನು? ಐದು ವರ್ಷದ ಪ್ರಶ್ನೆಪತ್ರಿಕೆಗಳನ್ನು ಸಂಗ್ರಹಿಸಿ, ಪ್ರಶ್ನೆಗಳನ್ನು ವರ್ಷದ ಪ್ರಕಾರ ಬಿಟ್ಟು ವಿಷಯದ ಪ್ರಕಾರ ವಿಂಗಡಿಸಬೇಕು. ಆಗ ಹತ್ತು ಪ್ರಶ್ನೆಗಳಂತೆ ಕಂಡದ್ದು ಮೂರೇ ವಿಷಯಗಳೆಂದು ತಿಳಿಯುತ್ತದೆ. ಒಂದು ಪ್ರಬಂಧ, ಒಂದು ಟಿಪ್ಪಣಿ ಆರಿಸಿಕೊಂಡು, ಪುಸ್ತಕ ಮುಚ್ಚಿ, 36 ನಿಮಿಷದಲ್ಲಿ ಬರೆಯಬೇಕು. ನಂತರ ಗೈಡಿನ ಬದಲು ಇತ್ತೀಚಿನ ಬೇರ್ ಆ್ಯಕ್ಟ್ ಮತ್ತು ಪಠ್ಯಪುಸ್ತಕ ತೆರೆದು ತಾಳೆ ನೋಡಬೇಕು. ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಬರೆದಿಡಬೇಕು. ಒಂದು ವಾರ ಕಳೆದು, ಕೆಂಪು ಗುರುತುಗಳನ್ನು ನೋಡದೆ, ಅದೇ ಪ್ರಶ್ನೆಯನ್ನು ಮತ್ತೆ ಬರೆಯಬೇಕು. ಎರಡನೆಯ ಸಲವೂ ಕೆಂಪು ಬಿದ್ದ ಜಾಗವೇ ಇನ್ನು ಓದಬೇಕಾದ ಜಾಗ. ಮೊದಲ ದಿನ ಹಾಳೆ ತುಂಬ ಕೆಂಪು ಕಂಡರೆ ಎದೆಗುಂದಬಾರದು. ಆ ಕೆಂಪು ಪರೀಕ್ಷಕರ ಪೆನ್ನಿನಿಂದ ಬರುವ ಬದಲು ಮನೆಯಲ್ಲೇ ಬಂದದ್ದು ಲಾಭವೇ.

ತಂದೆ ತಾಯಿಗಳಿಗೂ ಇದರಲ್ಲಿ ಒಂದು ಪಾಲಿದೆ. ಮಕ್ಕಳ ಪಾಠ ತಮಗೆ ತಿಳಿಯುವುದಿಲ್ಲವೆಂದು ಅನೇಕರು ದೂರ ಉಳಿಯುತ್ತಾರೆ. 'ಓದು, ಓದು' ಎಂದಷ್ಟೇ ಹೇಳುತ್ತಾರೆ. ನಾಗಝರಿಯ ಆ ಅಪ್ಪನಿಗೆ ನ್ಯಾಯ ಸಂಹಿತೆ ಗೊತ್ತಿರಬೇಕಾಗಿಲ್ಲ. ರಜೆಯ ದಿನ ಬೆಳಿಗ್ಗೆ ಪ್ರಶ್ನೆಪತ್ರಿಕೆಯನ್ನು ಮಗಳ ಕೈಗೆ ಕೊಟ್ಟು, ಗೈಡನ್ನು ತಮ್ಮ ಹತ್ತಿರ ಇಟ್ಟುಕೊಂಡು, ಟಿವಿ ಆರಿಸಿ, ಗಡಿಯಾರ ನೋಡುತ್ತ ಮೂರು ಗಂಟೆ ಕೂತರೆ ಸಾಕು. ಹೊತ್ತಾಯಿತು ಎಂದಾಗ ಹಾಳೆ ತೆಗೆದುಕೊಳ್ಳಬೇಕು, ಇನ್ನೈದು ನಿಮಿಷ ಎಂದರೆ ಕೊಡಬಾರದು. ಆಮೇಲೆ ಅಂಕ ಎಷ್ಟು ಬಂದೀತು ಎಂದು ಕೇಳುವ ಬದಲು, ಐದೂ ಘಟಕ ಮುಗಿಯಿತೇ ಎಂದು ಕೇಳಬೇಕು. ಪರೀಕ್ಷೆಗೆ ಮೊದಲು ಇಂಥ ನಾಲ್ಕು ಬೆಳಗುಗಳು ಸಿಕ್ಕರೆ ಆ ಹುಡುಗಿ ಹುಬ್ಬಳ್ಳಿಯ ಬಸ್ಸು ಹತ್ತುವಾಗ ಯಾವುದು ಬರಬಹುದು ಎಂದು ಯಾರನ್ನೂ ಕೇಳುವುದಿಲ್ಲ.