ಶನಿವಾರ ಸ್ಟೇಜು, ಸೋಮವಾರ ಲಾಗಿನ್

ದಸರೆಗೆ ಊರಿಗೆ ಹೋಗಿದ್ದೆ. ನಮ್ಮೂರು ಹೇಮಗುಡ್ಡ, ಗಂಗಾವತಿ ತಾಲೂಕು. ದಸರೆ ಅಂದರೆ ನಿಮಗೆಲ್ಲ ಮೈಸೂರೇ ನೆನಪಾಗುತ್ತೆ, ಗೊತ್ತು. ಆದರೆ ನಮ್ಮೂರಲ್ಲೂ ಆನೆ ಬರುತ್ತೆ, ಅಂಬಾರಿಯಲ್ಲಿ ದುರ್ಗಮ್ಮ ಮೆರವಣಿಗೆ ಹೊರಡುತ್ತಾಳೆ. ಮುಂದೆ ಡೊಳ್ಳಿನವರ ಸಾಲು. ಆ ಸಾಲಿನಲ್ಲಿ ನಮ್ಮಪ್ಪ. ಉಳಿದ ದಿನ ಹೊಲ, ಹಬ್ಬ ಬಂದರೆ ಡೊಳ್ಳು.

ಹಬ್ಬದ ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಕೂತಿದ್ದಾಗ ತಮ್ಮ ಹೇಳಿಯೇ ಬಿಟ್ಟ.

"ಅಪ್ಪಾ, ನಾ ಕೆಲಸ ಬಿಡಬೇಕಂತ ಮಾಡೀನಿ. ಆಲ್ಬಮ್ ಮಾಡಾಕತ್ತೀವಿ."

ತಮ್ಮನಿಗೆ 26. ಬೆಂಗಳೂರಲ್ಲಿ ಒಂದು ಕಂಪನಿಯಲ್ಲಿ ಸಪೋರ್ಟ್ ಕೆಲಸ. ವಾರಾಂತ್ಯಕ್ಕೆ ಒಂದು ಹೆವಿ ಮೆಟಲ್ ಬ್ಯಾಂಡಿನಲ್ಲಿ ಡ್ರಮ್ಸ್. ಬ್ಯಾಂಡಿನ ಹೆಸರು ಇಲ್ಲಿ ಬರೀಬೇಡ ಅಂದಿದ್ದಾನೆ, ಬರೆಯಲ್ಲ.

ಅಪ್ಪ ಕಪ್ಪು ಕೆಳಗಿಟ್ಟರು. "ಆ ಬೇವರ್ಸಿ ಕೆಲಸಕ್ಕ ಇದ್ದ ನೌಕರಿ ಬಿಡ್ತೀಯೇನಲೇ?"

ತಮ್ಮನಿಗೆ ನಗು ತಡೆಯೋಕೆ ಆಗಲಿಲ್ಲ. ಯಾಕೆ ಅಂದರೆ ಆ ಹೆಸರಿನ ಬ್ಯಾಂಡ್ ಬೆಂಗಳೂರಲ್ಲಿ ನಿಜವಾಗಿಯೂ ಇದೆ! ಬೆವರ್ ಸೀ. ಇಂಗ್ಲಿಷಿನಲ್ಲಿ ಎರಡು ಪದವಾಗಿ ಬರೀತಾರೆ, ಓದಿದರೆ ನಮ್ಮ ಶುದ್ಧ ಕನ್ನಡದ ಬೈಗುಳ. ನಿಧಾನವಾಗಿ, ಭಾರವಾಗಿ ಬಾರಿಸುವ ಡೂಮ್ ಮೆಟಲ್ ಅವರದ್ದು. 2012ರಲ್ಲಿ ಮೊದಲ ಆಲ್ಬಮ್ ತಂದರು. ಅಪ್ಪನಿಗೆ ಇದನ್ನ ವಿವರಿಸಿದ್ದು ತಪ್ಪಾಯ್ತು ಅನ್ನಿ. "ನೋಡು, ಅವರರ ಖರೇ ಹೆಸರು ಇಟ್ಕೊಂಡಾರ" ಅಂದರು.

ಆಮೇಲೆ ತಮ್ಮ ಮೊಬೈಲಲ್ಲಿ ಒಂದು ಟ್ರ್ಯಾಕ್ ಹಾಕಿದ. ಅರ್ಧ ನಿಮಿಷ ಕೇಳಿ ಅಪ್ಪ ಕೊಟ್ಟ ತೀರ್ಪು: "ಇದು ಹಾಡಲ್ಲ, ಭತ್ತದ ಮಷಿನ್."

ಅಪ್ಪ ಸಿಟ್ಟಿನಲ್ಲಿ ಅಂದದ್ದು ಪೂರ್ತಿ ಸುಳ್ಳೇನೂ ಅಲ್ಲ. ಈ ಸಂಗೀತಕ್ಕೂ ಮಷಿನ್ನಿಗೂ ಹಳೇ ನಂಟಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಟೋನಿ ಐಯೋಮಿ ಅನ್ನೋ ಹುಡುಗ ಅಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. 17 ವರ್ಷ. ಬ್ಯಾಂಡ್ ಸೇರಿ ಜರ್ಮನಿಗೆ ಹೋಗೋದು ಗಟ್ಟಿಯಾಗಿತ್ತು, ಅವತ್ತು ಡ್ಯೂಟಿಯ ಕೊನೇ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ವಾಪಸ್ ಹೋಗಲ್ಲ ಅಂದ. ಹಂಗೆಲ್ಲ ಅರ್ಧಕ್ಕೆ ಬಿಡಬಾರದು, ಹೋಗಿ ಮುಗಿಸಿ ಬಾ ಅಂದರು ತಾಯಿ. ಹೋದ. ಮಷಿನ್ ಅವನ ಬಲಗೈಯ ಎರಡು ಬೆರಳಿನ ತುದಿ ತಿಂದು ಹಾಕಿತು. ಅವನು ಎಡಚ, ಹಾಗಾಗಿ ಗಿಟಾರಿನ ತಂತಿ ಒತ್ತೋದೇ ಆ ಬೆರಳುಗಳಲ್ಲಿ.

ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ತಾನೇ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ನೋವಾಗದಿರಲಿ ಅಂತ ತೆಳು ತಂತಿ ಹಾಕಿದ, ಮುಂದೆ ತಂತಿಯ ಬಿಗಿಯನ್ನೂ ಸಡಿಲ ಮಾಡಿದ. ತಂತಿ ಸಡಿಲಾದರೆ ಸ್ವರ ಕೆಳಗಿಳಿಯುತ್ತೆ, ದಪ್ಪ ಆಗುತ್ತೆ. ಆ ಹುಡುಗನ ಬ್ಯಾಂಡೇ ಬ್ಲ್ಯಾಕ್ ಸಬಾತ್. 1970ರ ಫೆಬ್ರವರಿಯಲ್ಲಿ ಅವರ ಮೊದಲ ಆಲ್ಬಮ್ ಬಂತು, ಮೆಟಲ್ ಹುಟ್ಟಿದ್ದು ಅಲ್ಲಿಂದಲೇ ಅಂತ ಬಹಳ ಜನ ಲೆಕ್ಕ ಹಿಡೀತಾರೆ. ಅದೇ ಬ್ಯಾಂಡಿನ ಗಾಯಕ ಆಝಿ ಆಸ್ಬರ್ನ್ 2025ರ ಜುಲೈ 5ಕ್ಕೆ ತಮ್ಮ ಊರಲ್ಲೇ ಕೊನೇ ಶೋ ಕೊಟ್ಟು, 22ಕ್ಕೆ ತೀರಿಕೊಂಡರು. ತಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಅಪ್ಪ ಈ ಕಥೆಯಲ್ಲಿ ಹಿಡಿದದ್ದು ಒಂದೇ ಮಾತು. "ಹೆತ್ತಾಕಿ ಹೋಗಂದ್ಲು ಅಂತ ಬೆರಳು ಹೋದ್ವಲ್ಲೋ."

ಅದು ವಿದೇಶದ ಮಾತಾಯ್ತು. ನಮ್ಮಲ್ಲಿ ಹೇಗೆ? ತಮ್ಮನ ಪಾಲಿಗೆ ದೇವರಂಥವರು ಕ್ರಿಪ್ಟೋಸ್. ಬೆಂಗಳೂರಿನ ಬ್ಯಾಂಡು. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಸೇರಿ ಕಟ್ಟಿದ್ದು. (ಮೇಲೆ ಹೇಳಿದ ಬೆವರ್ ಸೀಯಲ್ಲಿ ಹಾಡುವವರೂ ಇದೇ ಗಣೇಶ್.) ಆಗ ಯೂಟ್ಯೂಬ್ ಇಲ್ಲ, ಸ್ಪಾಟಿಫೈ ಇಲ್ಲ. ಮೊದಲ ಆಲ್ಬಮ್ ಬಂದದ್ದು 2004ಕ್ಕೆ, ಅಂದರೆ ಆರು ವರ್ಷ ಆದ ಮೇಲೆ. ಎರಡನೆಯದು 2008, ಮೂರನೆಯದು 2012. ನಮ್ಮಲ್ಲಿ ಆರು ತಿಂಗಳಲ್ಲಿ ಪ್ರಮೋಷನ್ ಬರಲಿಲ್ಲ ಅಂತ ರೆಸ್ಯೂಮೆ ಅಪ್‌ಡೇಟ್ ಮಾಡ್ತೀವಿ, ಇರಲಿ ಬಿಡಿ.

ಈ ನಡುವೆ 2007ರ ಮಾರ್ಚಿನಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂತು, 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ. ಬೆಂಗಳೂರಿನ ಹಳೇ ಮೆಟಲ್ ಪ್ರೇಮಿ ಯಾರನ್ನೇ ಕೇಳಿ, ಆ ಎರಡು ರಾತ್ರಿ ತಾನೆಲ್ಲಿ ನಿಂತಿದ್ದೆ ಅಂತ ಹೇಳ್ತಾರೆ. ತಮ್ಮ ಆಗ ನಮ್ಮೂರ ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದ. ಆ ಹೊಟ್ಟೆಯುರಿ ಅವನಿಗೆ ಇವತ್ತಿಗೂ ಇದೆ.

2013ರಲ್ಲಿ ಕ್ರಿಪ್ಟೋಸ್ ಜರ್ಮನಿಯ ವಾಕನ್ ಹಬ್ಬದಲ್ಲಿ ನುಡಿಸಿದರು. ಈ ವಾಕನ್ ಬಗ್ಗೆ ಅಪ್ಪನಿಗೆ ಹೇಳುವಾಗ ಮಾತ್ರ ಅವರು ಕಿವಿಗೊಟ್ಟು ಕೇಳಿದರು. ಯಾಕಂದ್ರೆ ವಾಕನ್ ಒಂದು ಹಳ್ಳಿ. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಸುತ್ತ ಹೊಲ, ದನ. 1990ರಲ್ಲಿ ಊರಿನ ಹುಡುಗರು ಜಲ್ಲಿ ತೆಗೆದ ಗುಂಡಿಯಲ್ಲಿ ಆರು ಬ್ಯಾಂಡ್ ಕರೆಸಿ ಶುರುಮಾಡಿದರು, ಬಂದ ಜನ 800. ಈಗ ಪ್ರತಿ ವರ್ಷ 80 ಸಾವಿರದ ಹತ್ತಿರ ಜನ ಸೇರ್ತಾರೆ, ಹೊಲಗಳಲ್ಲೇ ಟೆಂಟ್ ಹಾಕ್ತಾರೆ. ಊರಿನ ಅಗ್ನಿಶಾಮಕ ದಳದವರದೇ ಒಂದು ವಾದ್ಯ ತಂಡ ಇದೆ, ಕಪ್ಪು ಬಟ್ಟೆಯ ಮೆಟಲ್ ಮಂದಿ ಅದಕ್ಕೂ ಕುಣಿಯುತ್ತಾರೆ.

"ಅಂದ್ರ ಜಾತ್ರಿ ಅನ್ನು" ಅಂದರು ಅಪ್ಪ.

ಹೌದು, ಜಾತ್ರೆಯೇ. ಅಂಥ ಜಾತ್ರೆಯಲ್ಲಿ ನುಡಿಸಿ ಬಂದವರ ಮುಂದಿನ ಬದುಕು ಹೇಗಿತ್ತು ಅನ್ನೋದೇ ನನಗೆ ಮುಖ್ಯ ಅನಿಸಿದ್ದು. ಅವರು ಮತ್ತೆ ಆಲ್ಬಮ್ ಮಾಡಿದರು. 2016, 2019, 2021, 2024. ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಅವರ ಆಲ್ಬಮ್ ತರುತ್ತೆ. ಒಟ್ಟು 26 ವರ್ಷಕ್ಕೆ ಏಳು ಆಲ್ಬಮ್. ಇಷ್ಟಾದರೂ ನಮ್ಮೂರಲ್ಲಿ ಹತ್ತು ಜನರನ್ನ ಕೇಳಿದರೆ ಹತ್ತೂ ಜನಕ್ಕೆ ಹೆಸರು ಗೊತ್ತಿಲ್ಲ. ಸಿನಿಮಾ ಹಾಡಿಗೆ ಸಿಗುವ ರೊಕ್ಕ, ಹೆಸರು ಈ ಸಂಗೀತಕ್ಕೆ ನಮ್ಮ ದೇಶದಲ್ಲಿ ಇಲ್ಲ. ತಮ್ಮನ ಜೊತೆ ಶೋಗಳಿಗೆ ಹೋಗಿ ನಾನು ಮಾತಾಡಿಸಿದ ಕಲಾವಿದರೆಲ್ಲ ಸೋಮವಾರ ಎಲ್ಲೋ ಒಂದು ಕಡೆ ಲಾಗಿನ್ ಆಗುವವರೇ. ಒಬ್ಬ ಡಿಸೈನರ್, ಒಬ್ಬಾಕೆ ಲೆಕ್ಚರರ್. ಶನಿವಾರ ಸ್ಟೇಜಿನ ಮೇಲೆ ಕೂದಲು ಕೆದರಿ ಅಬ್ಬರಿಸಿದವನು ಸೋಮವಾರ ಸ್ಟ್ಯಾಂಡ್-ಅಪ್ ಮೀಟಿಂಗಿನಲ್ಲಿ ಮೆತ್ತಗೆ "ನೋ ಅಪ್‌ಡೇಟ್ಸ್" ಅಂತಾನೆ.

ನಾನು ಅಕೌಂಟ್ಸ್ ಓದಿದವಳು. ಅವತ್ತು ಕಟ್ಟೆ ಮೇಲೆ ಕೂತು ತಮ್ಮನ ಒಂದು ವರ್ಷದ ಲೆಕ್ಕ ತೆಗೆದೆ. ಆರು ಶೋ, ಬ್ಯಾಂಡಿಗೆ ತಲಾ 8,000. ನಾಲ್ಕು ಜನ ಹಂಚಿಕೊಂಡರೆ ಇವನ ಪಾಲು 12,000. ಜ್ಯಾಮ್ ರೂಮ್ ಬಾಡಿಗೆಯಲ್ಲಿ ಇವನ ಪಾಲು 11,250. ಒಡೆದ ಸಿಂಬಲ್ ಬದಲು ಹೊಸದು 18,000. ಡಬಲ್ ಪೆಡಲ್ 22,000. ಅಂದರೆ ಕೈಯಿಂದ ಹೋದದ್ದು 39,250. ಇದರಲ್ಲಿ ರಾತ್ರಿ ಆಟೋ, ಬಿರಿಯಾನಿ ಸೇರಿಲ್ಲ.

"ನಿನ್ನ ಡ್ರಮ್ಸ್ ನಡಿಸ್ತಿರೋದು ನಿನ್ನ ಸಂಬಳಾನಪ್ಪ. ಅದನ್ನ ಬಿಟ್ರ ಮೊದಲು ನಿಲ್ಲೋದು ಡ್ರಮ್ಸೇ" ಅಂದೆ.

ಅವನಿಗೆ ಸಿಟ್ಟು ಬಂತು. "ಅಕ್ಕಾ, ಎಂಟು ತಾಸು ಟಿಕೆಟ್ ಕ್ಲೋಸ್ ಮಾಡಿ ಬಂದು ಬಾರಿಸಾಕ ಕೂತ್ರ ಕಾಲಾಗ ಜೀವಾನ ಇರಂಗಿಲ್ಲ. ನಿನ್ನ ಲೆಕ್ಕದಾಗ ಅದು ಎಲ್ಲೈತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಲೆಕ್ಕ ಎಕ್ಸೆಲ್ಲಿನಲ್ಲಿ ಬರಲ್ಲ. ಕೆಲಸ ಇಟ್ಟುಕೊಂಡೇ ಕಲೆ ಉಳಿಸಿಕೋ ಅಂತ ಹೇಳೋದು ಸುಲಭ. ಆ ದಣಿವು ಹೊರುವವನು ಅವನು.

ಆಗ ಅಪ್ಪ ಕೇಳಿದ್ದು ನನಗೆ ಅನಿರೀಕ್ಷಿತ. "ಕಾಲಾಗ ಯಾಕ? ಬಾರಿಸೋದು ಕೈಲೆ ಅಲ್ಲೇನು?"

ತಮ್ಮ ನೆಲದ ಮೇಲೆ ಎರಡೂ ಪಾದ ಊರಿ ತೋರಿಸಿದ. ದೊಡ್ಡ ಡ್ರಮ್ಮಿಗೆ ಎರಡು ಪೆಡಲ್, ಎರಡೂ ಕಾಲು ಒಂದಾದ ಮೇಲೊಂದು. ನಿಮಿಷಕ್ಕೆ 180 ಬೀಟಿನ ಲಯದಲ್ಲಿ ಬೀಟಿಗೆ ನಾಲ್ಕು ಪೆಟ್ಟು ಅಂದರೆ ಸೆಕೆಂಡಿಗೆ 12. ಮೇಲೆ ಕೈಗಳದ್ದು ಬೇರೆಯೇ ಲೆಕ್ಕ. ಅಪ್ಪ ಮತ್ತೆ ಆ ಟ್ರ್ಯಾಕ್ ಹಾಕಿಸಿದರು. ಈ ಸಲ ಕಣ್ಣು ಮುಚ್ಚಿ, ತೊಡೆ ಮೇಲೆ ಬೆರಳು ಬಡಿಯುತ್ತಾ ಪೂರ್ತಿ ನಾಲ್ಕು ನಿಮಿಷ ಕೇಳಿದರು. "ನಡುವ ಒಂದು ಕಡಿ ಓಡಿ ಹೋಗೀ" ಅಂದರು. ತಮ್ಮ ಮುಖ ಕೆಂಪಗೆ ಮಾಡಿಕೊಂಡ. ಅದು ಅವನದೇ ಬ್ಯಾಂಡಿನ ರೆಕಾರ್ಡಿಂಗ್, ಎಲ್ಲಿ ಓಡಿದ್ದಾನೆ ಅಂತ ಅವನಿಗೂ ಗೊತ್ತಿತ್ತು.

ಕೆಲಸದ ಮಾತು ಅವತ್ತು ತೀರ್ಮಾನ ಆಗಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ತಮ್ಮ ಮ್ಯಾನೇಜರ್ ಹತ್ತಿರ ಒಂದು ತಿಂಗಳು ಸಂಬಳವಿಲ್ಲದ ರಜೆ ಕೇಳಿದ್ದಾನೆ, ರೆಕಾರ್ಡಿಂಗಿಗೆ. ಮೂರು ವಾರ ಸಿಕ್ಕಿದೆ. ಅದು ಮುಗಿದ ಮೇಲೆ ನೋಡೋಣ ಅಂತಾನೆ.

ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಬೆಳೆ, ಮಳೆ, ಅವ್ವನ ಮೊಣಕಾಲು ಎಲ್ಲ ಮಾತಾಡಿ ಇಡೋ ಹೊತ್ತಿಗೆ ಕೇಳಿದರು:

"ಏನವಾ, ಅಂವ ಬಾರಿಸೋದು ನೋಡಾಕ ನಮ್ಮಂಥವ್ರನ್ನ ಒಳಗ ಬಿಡ್ತಾರೇನು?"

ಬಿಡ್ತಾರೆ ಅಂದೆ. ಕಿವಿಗೆ ಹತ್ತಿ ತರೋಕೂ ಹೇಳಿದೆ.